ಹಿಡಿಯುವುದೂ ಕ್ಲಿಪ್ಪು, ಕತ್ತರಿಸುವುದೂ ಕ್ಲಿಪ್ಪು!

ಇಂಗ್ಲಿಷ್ ಎಂದರೆ ನಮ್ಮ ಹಳ್ಳಿಯ ಮಕ್ಕಳು ಹೆದರುತ್ತಾರೆ. ಅವರಿಗಿಂತ ಹೆಚ್ಚಾಗಿ ಅಪ್ಪ ಅಮ್ಮ ಹೆದರುತ್ತಾರೆ. ‘ನಮಗೇ ಬರುವುದಿಲ್ಲ, ಮಕ್ಕಳಿಗೆ ಹೇಳಿಕೊಡುವುದು ಹೇಗೆ?’ ಎಂಬ ಕೊರಗು ಬೇರೆ. ಒಂದು ಪುಟ್ಟ ಪದದ ನೆಪದಲ್ಲಿ ಈ ಹೆದರಿಕೆಯನ್ನು ಸ್ವಲ್ಪ ವಿಚಾರಿಸೋಣ.

ಸೊರಬ ತಾಲ್ಲೂಕಿನ ಗುಡವಿಯಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆಯಿದೆ. ಅವನ ಮಗಳು ಒಂದು ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾದಳು. ‘ಓದಿದ್ದು ಸಾಕು’ ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು. ನಾನು ಹೋದಾಗ ನಿಘಂಟನ್ನು ಮುಂದಿಟ್ಟು, ‘ದೊಡ್ಡಪ್ಪ, ಕ್ಲಿಪ್ ಅಂದ್ರೆ ಸೇರಿಸಿ ಹಿಡಿಯೋದು ಅಂತಾನೂ ಇದೆ, ಕತ್ತರಿಸೋದು ಅಂತಾನೂ ಇದೆ. ಇಂಥ ಭಾಷೆ ಯಾರು ಕಲೀತಾರೆ?’ ಎಂದಳು.

ಹುಡುಗಿಯ ಪ್ರಶ್ನೆ ನ್ಯಾಯವಾದದ್ದೇ. ನಿಜಕ್ಕೂ ಅವು ಎರಡು ಬೇರೆ ಪದಗಳು. ಹಿಡಿಯುವ ಕ್ಲಿಪ್ಪು ಹಳೆಯ ಇಂಗ್ಲಿಷಿನದು. ಅದರ ಮೊದಲ ಅರ್ಥ ಅಪ್ಪಿಕೊಳ್ಳುವುದು. ಷೇಕ್ಸ್‌ಪಿಯರ್ ಕೂಡ ಆ ಅರ್ಥದಲ್ಲಿ ಬಳಸಿದ್ದಾನೆ. ಜಡೆಯ ಕ್ಲಿಪ್ಪು, ಕಾಗದದ ಕ್ಲಿಪ್ಪು ಈ ಕಡೆಯವು. ಕತ್ತರಿಸುವ ಕ್ಲಿಪ್ಪು ಸ್ಕ್ಯಾಂಡಿನೇವಿಯಾದಿಂದ ಬಂದದ್ದು. ಪತ್ರಿಕೆಯ ಕ್ಲಿಪ್ಪಿಂಗು, ಸಿನಿಮಾದ ಕ್ಲಿಪ್ಪಿಂಗು, ಹಕ್ಕಿಯ ರೆಕ್ಕೆ ಕತ್ತರಿಸುವುದು ಎಲ್ಲ ಆ ಕಡೆಯವು. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿದಂತೆ ಇವೆರಡೂ ಒಂದೇ ಉಚ್ಚಾರದಲ್ಲಿ ಬಂದು ಸೇರಿವೆ, ಅಷ್ಟೆ.

ನಾನು ಅವಳನ್ನೇ ಕೇಳಿದೆ: ‘ಮಳೆಗಾಲದಲ್ಲಿ ನಿಮ್ಮ ಕೆರೆಯ ಮರಗಳ ಮೇಲೆ ಬೆಳ್ಳಕ್ಕಿ, ಹಾವಕ್ಕಿ ಏನು ಮಾಡ್ತವೆ?’

‘ಗೂಡು ಕಟ್ತವೆ.’

‘ಅಪ್ಪ ಸಂಜೆ ದನ?’

‘ಕಟ್ತಾರೆ.’

‘ಶೀತವಾದ್ರೆ ಮೂಗು?’

‘ಕಟ್ಟುತ್ತೆ!’ ಅವಳಿಗೆ ನಗು ಬಂತು.

ಜಗಲಿಯಲ್ಲಿ ಕೂತಿದ್ದ ಅವಳಪ್ಪನೂ ದನಿ ಸೇರಿಸಿದ: ‘ಹೊರೆ ಕಟ್ಟೋದು, ಮನೆ ಕಟ್ಟೋದು, ಕಥೆ ಕಟ್ಟೋದು...’ ಪಟ್ಟಿ ನಿಲ್ಲುವ ಹಾಗೆ ಕಾಣಲಿಲ್ಲ.

ಇಷ್ಟೊಂದು ಅರ್ಥಗಳನ್ನು ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಗೂಡು, ದನ, ಮೂಗು ಎಂಬ ಪಕ್ಕದ ಪದಗಳೇ ಅರ್ಥ ಹೇಳಿಬಿಡುತ್ತವೆ. ಇಂಗ್ಲಿಷಿಗೂ ಇದೇ ದಾರಿ. ‘ಕ್ಲಿಪ್’ ಎಂದಷ್ಟೇ ಉರುಹೊಡೆದರೆ ಪರೀಕ್ಷೆಯಲ್ಲಿ ಕೈಕೊಡುತ್ತದೆ. ‘ಕ್ಲಿಪ್ ದಿ ಪೇಪರ್ಸ್ ಟುಗೆದರ್’ ಎಂದು ಇಡೀ ವಾಕ್ಯ ಕಲಿತರೆ ಮರೆಯುವುದಿಲ್ಲ. ದಿನಕ್ಕೆ ಎರಡು ಪದ, ಒಂದೊಂದಕ್ಕೂ ಎರಡು ವಾಕ್ಯ ಬರೆದರೆ ಸಾಕು.

ತಂದೆತಾಯಿಗಳಿಗೂ ಇದರಲ್ಲಿ ಕೆಲಸವುಂಟು. ರಾತ್ರಿ ಊಟವಾದ ಮೇಲೆ ‘ಇವತ್ತು ಯಾವ ಪದ ಕಲಿತೆ? ಕನ್ನಡದಲ್ಲಿ ಅದಕ್ಕೇನು ಹೇಳ್ತೀವಿ?’ ಎಂದು ಕೇಳಿ. ಹಾಗೆ ಕೇಳುವುದಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲ.

ಆ ವಾರವೇ ನನ್ನ ತಮ್ಮ ಪೂರಕ ಪರೀಕ್ಷೆಗೆ ಫೀಸು ಕಟ್ಟಿದ. ಹುಡುಗಿ ಪಾಸಾಗಿ ಕಾಲೇಜು ಸೇರಿದಳು. ಕತ್ತರಿಸಿದ ಗರಿ ಉದುರಿ ಹಕ್ಕಿಗೆ ಹೊಸ ಗರಿ ಬರುತ್ತದೆ. ಆದರೆ ಮಕ್ಕಳ ಓದು ಒಮ್ಮೆ ನಿಂತರೆ ಮತ್ತೆ ಹಿಡಿಯುವುದು ಬಹಳ ಕಷ್ಟ. ಒಂದು ವಿಷಯದಲ್ಲಿ ಹೋಯಿತೆಂದು ಅವಸರಪಡಬೇಡಿ.