ತಟಸ್ಥನ ಮನೆಗನ್ನಡ

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಜನಿಸಿದ ರಾಜಾಜಿಯವರು, ತಾಯಿಯಿಲ್ಲದ ಮಕ್ಕಳ ಭಾರವಿದ್ದರೂ, ಅಸಹಕಾರ ಚಳವಳಿಗಾಗಿ ವಕೀಲಿಯನ್ನು ತ್ಯಜಿಸಿದರು. ಕಾನೂನು ಉಪನ್ಯಾಸಕನಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗೆ ಅದು ಸಾಧ್ಯವಿಲ್ಲ. ಮನೆಯ ಸಾಲವಿದೆ, ವೃದ್ಧ ತಾಯಿಯಿದ್ದಾರೆ. ಯಾವ ಪಕ್ಷದ ವೇದಿಕೆಯನ್ನೂ ಅವನು ಏರನು. 2006ರ ತಮಿಳು ಕಲಿಕೆ ಕಾಯಿದೆಯನ್ನೂ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕಲ್ಪಿಸಲು ಹೇಳುವ ಸಂವಿಧಾನದ 350ಎ ವಿಧಿಯನ್ನೂ ಸಮವಾಗಿ ತೂಗಿ ಬೋಧಿಸುತ್ತಾನೆ. ತರಗತಿಯಲ್ಲಿ ಅದೇ ತಕ್ಕುದೆಂಬುದು ನಮ್ಮ ಮತ.

“ಆದರೆ ಸಾರ್, ಅಜ್ಜಿ ಓದುವ ರಾಮಾಯಣವನ್ನು ಮಗಳು ಓದಲಾರಳು. ಮನೆಯಲ್ಲಿಯೂ ತಟಸ್ಥನಾಗಿರಬೇಕೆ?” ಎಂದು ಕೇಳಿದನು.

ಮಗಳಿಗೆ ಅಕ್ಷರ ಕಲಿಸಲು ಯಾವ ಪಕ್ಷದ ಅಪ್ಪಣೆ ಬೇಕಪ್ಪಾ ಎಂದೆವು. ಈಗ ಭಾನುವಾರಗಳಂದು ಮಗುವನ್ನು ನಮ್ಮಲ್ಲಿಗೆ ಕರೆತರುತ್ತಾನೆ. ಕಾಗುಣಿತ ಮುಗಿದು ಒತ್ತಕ್ಷರ ನಡೆದಿದೆ.