ಎಲ್ಲಿ ಇಳಿದುಕೊಳ್ಳುವುದು?

ಪರಸ್ಥಳಕ್ಕೆ ಹೋಗಿ ಬಂದವರನ್ನು ನಮ್ಮ ಕಡೆಯ ಹಿರಿಯರು ಮೊಟ್ಟಮೊದಲು ಕೇಳುತ್ತಿದ್ದ ಪ್ರಶ್ನೆ, "ಎಲ್ಲಿ ಇಳಿದುಕೊಂಡಿದ್ದಿರಿ?" ಎಂಬುದು. ನೋಡಿದ್ದೇನು, ಹೋದ ಕೆಲಸ ಆಯಿತೇ ಎಂಬ ವಿಚಾರಗಳೆಲ್ಲ ಆಮೇಲೆ. ಚಿಕ್ಕಂದಿನಲ್ಲಿ ನನಗೆ ಇದು ವಿಚಿತ್ರವಾಗಿ ತೋರುತ್ತಿತ್ತು. ರಾತ್ರಿ ನಾಲ್ಕು ಗಂಟೆ ಮೈ ಚಾಚುವ ಜಾಗಕ್ಕೆ ಇಷ್ಟೊಂದು ಮಹತ್ವವೇಕೆ ಎಂದುಕೊಳ್ಳುತ್ತಿದ್ದೆ. ಆ ಪ್ರಶ್ನೆಯ ತೂಕ ನನಗೆ ತಿಳಿದದ್ದು ತಲೆ ನರೆತ ಮೇಲೆ, ಮಗಳನ್ನು ಕರೆದುಕೊಂಡು ಕೋಲಾರಕ್ಕೆ ಹೋದಾಗ.

ಅದು 2019ರ ಜೂನ್ ತಿಂಗಳು. ಮಗಳು ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಿ.ಇ.ಟಿ. ಬರೆದಿದ್ದಳು. ತೋಟಗಾರಿಕೆಯಲ್ಲಿ ಪದವಿ ಪಡೆಯಬೇಕೆಂಬುದು ಅವಳ ಆಸೆ. ನಮ್ಮದು ಅರಸೀಕೆರೆಯ ಸಮೀಪದ ಹಳ್ಳಿ. ತೆಂಗೇ ನಮ್ಮ ಜೀವನಾಧಾರ. ಮಳೆ ಕೈಕೊಟ್ಟು, ಕೊಳವೆ ಬಾವಿ ಬತ್ತಿ, ಮರಗಳು ಒಂದೊಂದಾಗಿ ಸುಳಿ ಬಾಡಿ ನಿಂತುದನ್ನು ನೋಡುತ್ತಲೇ ಬೆಳೆದವಳು ಅವಳು. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಒಂದು ಕೋಲಾರದ ಪಕ್ಕದ ಟಮಕದಲ್ಲಿದೆ. ಅವಳ ಮನಸ್ಸು ಅದರ ಮೇಲೆ ನೆಟ್ಟಿತ್ತು. ಆಯ್ಕೆಯ ಪಟ್ಟಿಯಲ್ಲಿ ಯಾವ ಕಾಲೇಜನ್ನು ಮೊದಲು ನಮೂದಿಸಬೇಕೆಂದು ತೀರ್ಮಾನಿಸಲು ನಮಗೆ ಇದ್ದ ಅವಕಾಶ ಕೆಲವೇ ದಿನಗಳದು.

ನನ್ನ ತಾಯಿಗೆ ಮಾತ್ರ ಇದು ಸಮ್ಮತವಾಗಿರಲಿಲ್ಲ. ಹೆಣ್ಣುಮಗು ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ನಾಲ್ಕು ವರ್ಷ ಒಂಟಿಯಾಗಿರುವುದೆಂದರೇನು? ಹತ್ತಿರದ ಪಟ್ಟಣದಲ್ಲೇ ಯಾವುದಾದರೊಂದು ಪದವಿಗೆ ಸೇರಿ ದಿನವೂ ಮನೆಗೆ ಬರಲಿ ಎಂಬುದು ಆಕೆಯ ವಾದ. ಎಪ್ಪತ್ತೈದು ದಾಟಿದ ತಾಯಿಯ ಮಾತನ್ನು ಮೀರುವ ಧೈರ್ಯ ನನಗಿರಲಿಲ್ಲ. ಮಗಳ ಆಸೆಯನ್ನು ಮುರಿಯುವ ಮನಸ್ಸೂ ಇರಲಿಲ್ಲ. ಕೊನೆಗೆ ತಾಯಿ, "ಒಂದು ಸಲ ಕಣ್ಣಾರೆ ನೋಡುತ್ತೇನೆ. ಆಮೇಲೆ ಹೇಳುತ್ತೇನೆ" ಎಂದರು. ಹೀಗೆ ನಾವು ನಾಲ್ವರೂ ಹೊರಡುವುದೆಂದಾಯಿತು.

ಹೊರಡುವುದೇನೋ ಸರಿ, ಇಳಿದುಕೊಳ್ಳುವುದೆಲ್ಲಿ? ಈ ಪ್ರಶ್ನೆ ಎದ್ದ ಕೂಡಲೇ ನಾಲ್ಕು ಬಾಯಿಂದ ನಾಲ್ಕು ಊರುಗಳ ಹೆಸರು ಬಂದವು.

ತಾಯಿ ಮುಳಬಾಗಿಲು ಎಂದರು. ಕೋಲಾರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರು. ಮೈಸೂರು ಸೀಮೆಯ ಮೂಡಲ ಬಾಗಿಲು ಎಂಬ ಅರ್ಥದಿಂದ ಆ ಊರಿಗೆ ಹೆಸರು ಬಂದಿತೆನ್ನುತ್ತಾರೆ. ಅಲ್ಲಿನ ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ, ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ಕಂಡು ಬರಬೇಕೆಂದು ಅವರಿಗೆ ಬಹುಕಾಲದ ಹಂಬಲ. ಛತ್ರದಲ್ಲಿ ಇದ್ದರೆ ಖರ್ಚು ಕಡಿಮೆ, ಪುಣ್ಯವೂ ಉಂಟು.

ನನ್ನ ಹೆಂಡತಿ ಶ್ರೀನಿವಾಸಪುರ ಎಂದಳು. ಅವಳ ದೂರದ ಅಣ್ಣನೊಬ್ಬ ಅಲ್ಲಿ ಮಾವಿನ ತೋಟ ಮಾಡಿಕೊಂಡಿದ್ದಾನೆ. ನೆಂಟರಿರುವ ಸೀಮೆಗೆ ಹೋಗಿ ಬೇರೆಡೆ ಇಳಿದುಕೊಂಡರೆ ನಾಳೆ ಅವರ ಮುಖ ನೋಡುವುದು ಹೇಗೆ? ಕೋಲಾರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಅಷ್ಟೆ.

ನಾನು ಮಾಲೂರು ಎಂದೆ. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಆ ಊರಿನಲ್ಲಿ ನನ್ನ ಸ್ನೇಹಿತರೊಬ್ಬರ ಮನೆ ಖಾಲಿ ಬಿದ್ದಿತ್ತು. ಮಾಲೂರು ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ರೈಲು ದಾರಿಯಲ್ಲಿದೆ. ಅರಸೀಕೆರೆಯಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಬದಲಿಸಿದರೆ ಬಸ್ಸಿನ ಕುಲುಕಾಟ ತಾಯಿಗೆ ತಪ್ಪುತ್ತದೆ. ಬಾಡಿಗೆಯೂ ಇಲ್ಲ, ಹಂಗೂ ಇಲ್ಲ.

ಮಗಳು ತಗ್ಗಿದ ದನಿಯಲ್ಲಿ, "ಕೋಲಾರದಲ್ಲೇ ಎಲ್ಲಾದರೂ ಇರಬಾರದೇ?" ಎಂದಳು. ಅವಳ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಯಾರ ಕಾಲೇಜನ್ನು ನೋಡಲು ಹೊರಟಿದ್ದೆವೋ ಅವಳ ಅಭಿಪ್ರಾಯವೇ ಎಲ್ಲಕ್ಕಿಂತ ಹಗುರವಾಗಿ ತೇಲಿಹೋಯಿತು.

ಗೆದ್ದದ್ದು ಶ್ರೀನಿವಾಸಪುರ. ಶುಕ್ರವಾರ ಸಂಜೆ ನಾವು ಅಲ್ಲಿ ಇಳಿದಾಗ ಮಾವಿನ ಸುಗ್ಗಿ ಭರದಲ್ಲಿತ್ತು. ಊರಿನ ಗಾಳಿಯೇ ಹಣ್ಣಿನ ವಾಸನೆಯಿಂದ ತುಂಬಿತ್ತು. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಎಂದು ಹೆಸರು ಹೇಳುತ್ತ ಆ ಪುಣ್ಯಾತ್ಮರು ನಮ್ಮ ಮುಂದೆ ಹಣ್ಣಿನ ರಾಶಿಯನ್ನೇ ಸುರಿದರು. ನೆಂಟರ ಮನೆಗೆ ಹೋಗುವುದು ನಮ್ಮ ಇಷ್ಟ, ಹೊರಡುವುದು ಅವರ ಇಷ್ಟ. ಮರುದಿನ ಬೆಳಗ್ಗೆ ತೋಟ ನೋಡದೆ ಹೋಗಕೂಡದು ಎಂದರು. ತೋಟದಿಂದ ಬಂದರೆ ಒಬ್ಬಟ್ಟಿನ ಊಟ ಸಿದ್ಧವಾಗುತ್ತಿತ್ತು. ಉಂಡೆದ್ದು, ಪಕ್ಕದ ಮನೆಯವರಿಗೂ ಪರಿಚಯ ಹೇಳಿ, ಬಸ್ಸು ಹತ್ತುವ ಹೊತ್ತಿಗೆ ಮೂರು ಗಂಟೆ. ಕೋಲಾರದಲ್ಲಿ ಬಸ್ಸು ಬದಲಿಸಿ ಟಮಕ ತಲುಪಿದಾಗ ಕಚೇರಿಯ ವೇಳೆ ಮುಗಿದಿತ್ತು. ಮುಚ್ಚಿದ ಬಾಗಿಲು, ಒಂದಿಷ್ಟು ಮರಗಳು, ದೂರದಲ್ಲಿ ಕಟ್ಟಡಗಳ ಸಾಲು. ಕತ್ತಲಾಗುವುದರೊಳಗೆ ಹಿಂದಿರುಗುವುದಾಗಿ ಮಾತು ಕೊಟ್ಟಿದ್ದರಿಂದ ಅರ್ಧ ಗಂಟೆಯಲ್ಲೇ ಬಸ್ಸಿಗೆ ನಿಂತೆವು.

ಉಂಡ ಮನೆಯ ಜಂತೆ ಎಣಿಸಬಾರದೆಂಬ ಮಾತುಂಟು. ಆ ಮನೆಯವರ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ, ತಪ್ಪು ನಮ್ಮದೇ. ನೆಂಟಸ್ತಿಕೆಗೆ ತಕ್ಕ ಜಾಗವನ್ನು ಆರಿಸಿಕೊಂಡು, ಅದರಿಂದ ಬೇರೊಂದು ಕೆಲಸವನ್ನು ನಿರೀಕ್ಷಿಸಿದ್ದೆವು. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆಗೆ ತಿರುಗಿ ಕುಳಿತವಳು ಮಾತನಾಡಲಿಲ್ಲ. "ನೋಡಿದ್ದಾಯಿತಲ್ಲ, ನಾಳೆ ಊರಿಗೆ ಹೊರಡೋಣ" ಎಂದು ತಾಯಿಯೇ ಹೇಳಿಬಿಟ್ಟರೆ ಎಲ್ಲವೂ ಮುಗಿದಂತೆಯೇ ಎಂದು ನನಗೆ ಅಂಜಿಕೆಯಾಯಿತು.

ಆ ರಾತ್ರಿ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಾಗ ತಾಯಿ ತಾವಾಗಿಯೇ ಹಳೆಯ ಕಥೆಯೊಂದನ್ನು ತೆಗೆದರು. ಅವರ ಅಣ್ಣ ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ ಇದ್ದುಕೊಂಡು ಓದಿದವರು. ಅಲ್ಲಿ ಬಡ ಹುಡುಗರಿಗೆ ಊಟ, ವಸತಿ, ವಿದ್ಯೆ ಮೂರೂ ಧರ್ಮಾರ್ಥವಾಗಿ ದೊರೆಯುತ್ತಿದ್ದುದು, ಇಂದಿಗೂ ದೊರೆಯುತ್ತಿರುವುದು, ನಾಡಿಗೆಲ್ಲ ತಿಳಿದ ವಿಷಯ. ಮಗನನ್ನು ಬಿಟ್ಟು ಬಂದ ಮೇಲೆ ಅಜ್ಜನಿಗೆ ನಿದ್ರೆಯೇ ಬರಲಿಲ್ಲವಂತೆ. ಒಂದು ತಿಂಗಳಿಗೆ ಪುಟ್ಟ ಮಗಳನ್ನು ಜೊತೆಗೆ ಕರೆದುಕೊಂಡು ಮತ್ತೆ ಹೋದರಂತೆ.

"ತುಮಕೂರಿನಲ್ಲಿ ನಮಗೆ ನೆಂಟರಿದ್ದರು" ಎಂದರು ತಾಯಿ. "ಅಪ್ಪ ಅಲ್ಲಿಗೆ ಹೋಗಲಿಲ್ಲ. ಮಠದ ಜಗಲಿಯ ಮೇಲೆ ಮಲಗಿದೆವು. ಹುಡುಗರ ಸಾಲಿನಲ್ಲೇ ಕುಳಿತು ಅವರು ಉಂಡ ಮುದ್ದೆಯನ್ನೇ ಉಂಡೆವು. ಬೆಳಗಿನ ಜಾವ ಹುಡುಗರ ಪ್ರಾರ್ಥನೆ ಕೇಳಿ ಎಚ್ಚರವಾಯಿತು. ಅಪ್ಪ ಯಾರನ್ನೂ ಏನನ್ನೂ ಕೇಳಲಿಲ್ಲ. ಊರಿಗೆ ಬಂದು, 'ಹುಡುಗ ಚೆನ್ನಾಗಿದ್ದಾನೆ' ಎಂದು ಅವ್ವನಿಗೆ ಹೇಳಿದರು. ಆ ಮೇಲೆ ಅವ್ವ ಅಳುವುದನ್ನು ಬಿಟ್ಟಳು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಕೋಲಾರಕ್ಕೇ ಹೋಗಿ ಇರೋಣ. ಆಂಜನೇಯ ಎಲ್ಲಿಗೂ ಹೋಗುವುದಿಲ್ಲ" ಎಂದರು. ಮಗಳು ಚಾಪೆಯ ಮೇಲೆ ಎದ್ದು ಕುಳಿತಳು.

ಭಾನುವಾರ ಬೆಳಗ್ಗೆ ನೆಂಟರನ್ನು ಒಪ್ಪಿಸಿ ಕೋಲಾರಕ್ಕೆ ಬಂದು ಬಸ್ ನಿಲ್ದಾಣದ ಸಮೀಪದ ಸಾಧಾರಣ ವಸತಿಗೃಹವೊಂದರಲ್ಲಿ ಇಳಿದುಕೊಂಡೆವು. ಕೋಣೆ ಚಿಕ್ಕದು, ಮಂಚಗಳು ಎರಡೇ. ನೀರನ್ನು ನೋಡಿಕೊಂಡು ಬಳಸಬೇಕೆಂದು ಅಲ್ಲಿಯವರು ಮೊದಲೇ ಎಚ್ಚರಿಸಿದರು. ಶಾಶ್ವತವಾಗಿ ಹರಿಯುವ ನದಿಯಿಲ್ಲದ ಜಿಲ್ಲೆ ಅದು. ಬೆಂಗಳೂರಿನ ಬಳಕೆಯಾದ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಗಿತ್ತು. ಅದು ಅಂತರ್ಜಲವನ್ನು ಹೆಚ್ಚಿಸುವ ಉದ್ದೇಶದ್ದು. ಕುಡಿಯುವುದಕ್ಕೆ ಜನ ಆಳವಾದ ಕೊಳವೆ ಬಾವಿಗಳನ್ನೂ ಟ್ಯಾಂಕರುಗಳನ್ನೂ ನಂಬಿದ್ದರು. ಎರಡು ಬಕೆಟ್ಟು ನೀರಿನಲ್ಲಿ ನಾಲ್ವರೂ ಸ್ನಾನ ಮುಗಿಸಿದಾಗ ತಾಯಿ, "ಇದೂ ನಮ್ಮೂರಿನ ಹಾಗೆಯೇ" ಎಂದು ನಕ್ಕರು. ಮಗಳು, "ಅದಕ್ಕೇ ಅಜ್ಜಿ, ನೀರಿಲ್ಲದ ಕಡೆ ಬೆಳೆ ತೆಗೆಯುವುದನ್ನು ಇಲ್ಲೇ ಕಲಿಯಬೇಕು" ಎಂದಳು. ಆ ಉತ್ತರ ನನಗೆ ತೋಚಿರಲಿಲ್ಲ.

ಭಾನುವಾರ ಕಚೇರಿಗೆ ರಜೆ. ಆದರೆ ವಿದ್ಯಾರ್ಥಿಗಳಿಗೆ ಬದುಕಿನಿಂದ ರಜೆಯುಂಟೇ? ಕಾಲೇಜಿನ ಆವರಣದಲ್ಲಿ ಬಟ್ಟೆ ಒಗೆದು ಹರವುತ್ತಿದ್ದ ಹುಡುಗಿಯರನ್ನು ಕಂಡೆವು. ತಾಯಿ ಅವರ ನಡುವೆ ಹೋಗಿ ಕುಳಿತೇಬಿಟ್ಟರು. ನಾನು ಕೇಳಬೇಕೆಂದು ಬರೆದುಕೊಂಡು ಬಂದಿದ್ದ ಪ್ರಶ್ನೆಗಳು ಶುಲ್ಕ, ಪ್ರಯೋಗಾಲಯ, ಉದ್ಯೋಗ ಇವುಗಳಿಗೆ ಸಂಬಂಧಿಸಿದವು. ತಾಯಿ ಕೇಳಿದ್ದು ಬೇರೆ: ಜ್ವರ ಬಂದರೆ ಗಂಜಿ ಮಾಡಿಕೊಡುವವರು ಯಾರು? ಕತ್ತಲಾದ ಮೇಲೆ ಪೇಟೆಯಿಂದ ಬರುವ ದಾರಿಯಲ್ಲಿ ದೀಪವಿದೆಯೇ? ಮನೆಯ ನೆನಪಾದಾಗ ಏನು ಮಾಡುತ್ತೀರಿ? ಬೀದರಿನಿಂದ ಬಂದಿದ್ದ ಹುಡುಗಿಯೊಬ್ಬಳು ಕೊನೆಯ ಪ್ರಶ್ನೆಗೆ, "ಮೊದಲ ತಿಂಗಳು ಅಳುತ್ತೇವೆ ಅಜ್ಜಿ, ಆಮೇಲೆ ಹೊಸದಾಗಿ ಬಂದವರನ್ನು ಸಮಾಧಾನ ಮಾಡುತ್ತೇವೆ" ಎಂದಳು.

ಸಂಜೆ ಪೇಟೆಯ ಬೀದಿಯಲ್ಲಿ ನಡೆದೆವು. ಕೋಲಾರಮ್ಮನ ಗುಡಿಗೂ ಸೋಮೇಶ್ವರನ ಗುಡಿಗೂ ಹೋದೆವು. ಹೂವು ಮಾರುವ ಹೆಂಗಸರು ತಮ್ಮತಮ್ಮಲ್ಲಿ ತೆಲುಗಿನಲ್ಲಿ ಮಾತನಾಡಿಕೊಳ್ಳುತ್ತಿದ್ದುದನ್ನು ಕೇಳಿ ತಾಯಿ ಹಿಂಜರಿದರು. ಆದರೆ ಒಬ್ಬಾಕೆ ಅಚ್ಚ ಕನ್ನಡದಲ್ಲಿ, "ಮೊಮ್ಮಗಳನ್ನು ಕಾಲೇಜಿಗೆ ಬಿಡಲು ಬಂದಿರಾ ತಾಯಿ?" ಎಂದು ಕೇಳಿ ಒಂದು ಗೇಣು ಹೂವನ್ನು ಹೆಚ್ಚಾಗಿಯೇ ಅಳೆದುಕೊಟ್ಟಳು. ಹೊರಗಿನ ಮಕ್ಕಳನ್ನು ನೋಡಿ ನೋಡಿ ಆ ಊರಿಗೆ ರೂಢಿಯಾಗಿತ್ತು.

ರಾತ್ರಿ ಇಕ್ಕಟ್ಟಾದ ಕೋಣೆಯಲ್ಲಿ ನಿದ್ರೆ ಬಾರದೆ ನಾನು ಯೋಚಿಸುತ್ತಿದ್ದೆ. ಒಂದು ಕಾಲದಲ್ಲಿ ಓದಿಗಾಗಿ ಈ ಸೀಮೆಯ ಮಕ್ಕಳೇ ಊರು ಬಿಟ್ಟು ಹೋಗಬೇಕಾಗಿತ್ತು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪ್ರೌಢಶಾಲೆಗಾಗಿ ಮೈಸೂರಿಗೆ ಹೋದರು. 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ. ಪದವಿಗಾಗಿ ಮದರಾಸಿನವರೆಗೆ ಹೋದರು. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ, ಯಾರದೋ ಜಗಲಿಯ ಮೇಲೆ ನಿದ್ರೆ, ದೇವಸ್ಥಾನದ ದೀಪದ ಬೆಳಕಿನಲ್ಲಿ ಓದು. ಹೀಗೆ ವಿದ್ಯೆ ಪಡೆದವರು ನಾಡಿನಲ್ಲಿ ಅಸಂಖ್ಯ. ಈ ಕಷ್ಟವನ್ನು ಕಂಡೇ ಗುಬ್ಬಿ ತೋಟದಪ್ಪನವರಂಥ ದಾನಿಗಳು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಯಾತ್ರಿಕರಿಗೆ ಛತ್ರವನ್ನೂ, ವಿದ್ಯಾರ್ಥಿಗಳಿಗೆ ವಸತಿನಿಲಯವನ್ನೂ ಕಟ್ಟಿಸಿದರು. ಈಗ ಅದೇ ಕೋಲಾರಕ್ಕೆ ಬೀದರಿನ ಹುಡುಗಿ ಬರುತ್ತಾಳೆ, ಅರಸೀಕೆರೆಯ ಹುಡುಗಿ ಬರಲು ಹಾತೊರೆಯುತ್ತಾಳೆ. ಎಲ್ಲ ಕಾಲದಲ್ಲಿಯೂ ಓದುವ ಮಗುವಿನ ಹಿಂದೆ ಮನೆಯವರ ಪ್ರಶ್ನೆ ಒಂದೇ: ಅಲ್ಲಿ ನಮ್ಮ ಮಗು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ?

ಸೋಮವಾರ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ನಾವು ಬಾಗಿಲಲ್ಲಿದ್ದೆವು. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ದೊರೆಯಿತು. ಆದರೆ ತೀರ್ಮಾನ ಅಷ್ಟರಲ್ಲಾಗಲೇ ಆಗಿತ್ತು. ಹಿಂದಿರುಗುವ ಬಸ್ಸಿನಲ್ಲಿ ತಾಯಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಒಂದು ದಪ್ಪನೆಯ ಕಂಬಳಿ ಬೇಕಾಗುತ್ತದೆ. ರಾತ್ರಿ ಗಾಳಿ ಥಂಡಿ" ಎಂದರು. ಒಪ್ಪಿಗೆಯ ಮಾತು ಅಷ್ಟೇ.

ಮಗಳು ಆ ಕಾಲೇಜಿಗೇ ಸೇರಿದಳು. ನಡುವೆ ಕೋವಿಡ್ ಕಾಲದಲ್ಲಿ ಮನೆಗೆ ಮರಳಿ, ಕೊಟ್ಟಿಗೆಯ ಪಕ್ಕ ಕುಳಿತು ಪಾಠ ಕೇಳಿದ್ದೂ ಉಂಟು. 2023ರಲ್ಲಿ ಪದವಿ ಮುಗಿಸಿದಳು. ಅವಳನ್ನು ಸೇರಿಸಿದ ವರ್ಷವೇ ತಾಯಿಯನ್ನು ಮುಳಬಾಗಿಲಿಗೆ ಕರೆದುಕೊಂಡು ಹೋಗಿ ಆಂಜನೇಯನ ದರ್ಶನ ಮಾಡಿಸಿದೆ. ಛತ್ರದಲ್ಲಿ ಒಂದು ರಾತ್ರಿ ನೆಮ್ಮದಿಯಾಗಿ ಮಲಗಿದೆವು. ಶ್ರೀನಿವಾಸಪುರಕ್ಕೂ ಮತ್ತೆ ಹೋದೆವು, ಮಾವು ತಿನ್ನುವುದಕ್ಕೆಂದೇ, ಕೈಯಲ್ಲಿ ಬೇರೆ ಕೆಲಸವಿಟ್ಟುಕೊಳ್ಳದೆ.

ಈಗ ನಮ್ಮ ಹಳ್ಳಿಯವರು ಮಕ್ಕಳ ಕಾಲೇಜು ನೋಡಲು ಹೊರಡುವಾಗ ನನ್ನನ್ನು ವಿಚಾರಿಸುವುದುಂಟು. ಒಳ್ಳೆಯ ವಸತಿಗೃಹ ಯಾವುದು, ಬಾಡಿಗೆ ಎಷ್ಟು ಎಂದು ಕೇಳುತ್ತಾರೆ. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಜೊತೆಗೆ, ಸಾಧ್ಯವಾದರೆ ಕಾಲೇಜಿಗೆ ಹತ್ತಿರದಲ್ಲೇ ಇಳಿದುಕೊಳ್ಳಿ, ಒಂದು ಭಾನುವಾರವೂ ಸೇರುವಂತೆ ಹೋಗಿ, ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಬಿಟ್ಟು ಹೋಗಬೇಡಿ ಎಂದು ಹೇಳುತ್ತೇನೆ.