ಓಣಿ ಮುಳುಗಿದ ಊರಿನ ದಿನಚರಿ

16 ಜನವರಿ 2025, ಗುರುವಾರ. ಬನಶಂಕರಿ

ಸೋಮವಾರ ಬನದ ಹುಣ್ಣಿಮೆಗೆ ತೇರು ಎಳೆದಾಯಿತು, ಜನ ಬರುವುದು ಮಾತ್ರ ನಿಂತಿಲ್ಲ. ಇನ್ನೂ ಹಲವು ವಾರ ಚೊಳಚಗುಡ್ಡದ ಈ ಬಯಲು ಊರಾಗಿಯೇ ಇರುತ್ತದೆ. ಬಾಗಿಲು ಚೌಕಟ್ಟು ಮಾರುವವರದು ಒಂದು ಸಾಲು, ಬಳೆಯವರದು ಇನ್ನೊಂದು, ಮಿಠಾಯಿ ಅಂಗಡಿಗಳದು ಮತ್ತೊಂದು, ಅವುಗಳಾಚೆ ನಾಟಕ ಕಂಪನಿಗಳ ದೊಡ್ಡ ತಗಡಿನ ಶೆಡ್ಡುಗಳು. ಯಾರು ಎಲ್ಲಿ ಕೂರಬೇಕೆಂಬುದು ವರ್ಷವರ್ಷದ ರೂಢಿಯಿಂದಲೇ ಗೊತ್ತಾಗಿದೆ. ಚೌಕಟ್ಟಿನವರಿಗೆ ಗಾಡಿ ತಿರುಗುವಷ್ಟು ಜಾಗ ಬೇಕು, ಅವರು ಅಂಚಿನಲ್ಲಿದ್ದಾರೆ. ಬಳೆಯವರಿಗೆ ಹೆಣ್ಣುಮಕ್ಕಳು ನಿಂತು ನೋಡುವ ಇಕ್ಕಟ್ಟು ಬೇಕು, ಅವರು ನಡುವೆ ಇದ್ದಾರೆ.

ಬಿಸಿಲೇರಿದಾಗ ಹರಿದ್ರಾ ತೀರ್ಥದ ಸುತ್ತಲಿನ ಕಲ್ಲು ಮಂಟಪಕ್ಕೆ ಹೋದೆ. ಉದ್ದಕ್ಕೂ ಕಂಬಗಳು, ತಂಪು ನೆಲ. ಬುತ್ತಿ ಬಿಚ್ಚಿದವರು, ಕೂಸಿಗೆ ಹಾಲೂಡುವವರು, ಮಲಗಿದ ಮುದುಕರು. ಯಾರೂ ಯಾರನ್ನೂ ಏಳಿಸಲಿಲ್ಲ, ಏನಾದರೂ ಕೊಳ್ಳಿರಿ ಅನ್ನಲಿಲ್ಲ. ಪಕ್ಕದಲ್ಲಿದ್ದ ಗದಗ ಕಡೆಯ ಹಿರಿಯರೊಬ್ಬರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮುರಿದು ಕೊಟ್ಟು, "ತಗೋರಿ ಅಕ್ಕಾರ, ಒಬ್ರ ಉಣ್ಣಬಾರದು" ಅಂದರು. ರೊಕ್ಕ ಖರ್ಚು ಮಾಡದೆ ಅಪರಿಚಿತರ ಪಕ್ಕ ನೆರಳಲ್ಲಿ ಕೂತು ಉಣ್ಣುವ ಜಾಗ ನಾನಿರುವ ಬಾಗಲಕೋಟೆಯ ನವನಗರದಲ್ಲಿ ಎಲ್ಲಿದೆ ಎಂದು ಯೋಚಿಸುತ್ತಾ ಕೂತೆ.

17 ಜನವರಿ, ಶುಕ್ರವಾರ. ಬಾದಾಮಿ

ಬೆಳಿಗ್ಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತಿದ್ದೆ. ಅರಿವೆ ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಮೇಲಿನ ಗುಡ್ಡದಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಕ್ರಿ.ಶ. 543ರದು. ಮೂರನೆಯ ಗುಹೆಯದು 578ರದು. ಈ ಇಸವಿಗಳನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಈ ಕೆರೆಯನ್ನು ಮಾತ್ರ ಪಾಠವಾಗಿ ಯಾರೂ ಹೇಳಿಕೊಡುವುದಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಬಂಡೆಯ ಸಂದಿಗಳಿಂದ ಇಳಿದು ಇಲ್ಲಿ ನಿಲ್ಲುತ್ತದೆ. ಒಂದು ದಂಡೆಯಲ್ಲಿ ಭೂತನಾಥನ ಗುಡಿ, ಇನ್ನೊಂದು ದಂಡೆಯಲ್ಲಿ ಊರು. ಚಾಲುಕ್ಯರ ರಾಜಧಾನಿಯ ನೀರು, ಗುಡಿ, ಒಗೆಯುವ ಕಲ್ಲು, ಮಾತಿಗೆ ಕೂರುವ ಮೆಟ್ಟಿಲು ಎಲ್ಲವೂ ಒಂದೇ ಕಡೆ. ನಮ್ಮ ಜಿಲ್ಲೆಯಲ್ಲಿ ನಗರ ವಿನ್ಯಾಸದ ಬಗ್ಗೆ ಪಾಠ ಬೇಕಾದವರು ಇಲ್ಲಿ ಒಂದು ಇಡೀ ದಿನ ಕೂತು ಹೋಗಬೇಕು.

ಮೆಟ್ಟಿಲಿಗೆ ಹತ್ತಿಕೊಂಡೇ ಮನೆಗಳಿವೆ. 2010ರ ಕಾನೂನು ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. 2015ರಲ್ಲಿ ಕೇಂದ್ರ ಸರ್ಕಾರದ ಹೃದಯ್ ಯೋಜನೆಗೆ ಆಯ್ದ 12 ಪಾರಂಪರಿಕ ನಗರಗಳಲ್ಲಿ ಬಾದಾಮಿಯೂ ಇತ್ತು. ಈ ಮನೆಗಳನ್ನು ಬೇರೆಡೆ ಸಾಗಿಸುವ ಮಾತು ಎದ್ದು ಕೂತು ಮತ್ತೆ ಏಳುತ್ತಲೇ ಇದೆ. ಅರಿವೆ ಹಿಂಡುತ್ತಿದ್ದ ಒಬ್ಬಾಕೆ, "ಗ್ವಾಡಿ ಬಿದ್ರ ಎತ್ತಾಕ ಬಿಡಂಗಿಲ್ರಿ ಅಕ್ಕಾರ. ಬ್ಯಾರೆ ಕಡೆ ಜಾಗ ಕೊಡ್ತೀವಿ ಅಂತಾರ. ಅಲ್ಲಿ ಹೊಂಡ ಐತೇನ್ರಿ?" ಎಂದು ಕೇಳಿದಳು.

ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರಿವೆ ಒಗೆಯುವವರನ್ನು ತೆಗೆದ ಮೇಲೆ ಉಳಿಯುವುದು ಚಾಲುಕ್ಯರ ಕೆರೆಯ ಅರ್ಧ ಭಾಗ ಮಾತ್ರ. ಬಳಕೆಯೂ ಪರಂಪರೆಯೇ.

16 ಮಾರ್ಚ್, ಭಾನುವಾರ. ಹಳೆ ಬಾಗಲಕೋಟೆ

ಹೋಳಿ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಈ ಹೆಸರುಗಳನ್ನು ಹೇಳುವಾಗಲೇ ಕಿವಿಯಲ್ಲಿ ಹಲಗೆ ಬಾರಿಸಿದಂತಾಗುತ್ತದೆ. ಬಣ್ಣದ ಬ್ಯಾರಲ್ಲು ಹೇರಿದ ಬಂಡಿಗಳು ಒಂದರ ಹಿಂದೊಂದು ಓಣಿಗೆ ನುಗ್ಗುತ್ತವೆ, ಮಾಳಿಗೆಯ ಮೇಲಿಂದ ಮನೆಯವರು ತಿರುಗಿ ಎರಚುತ್ತಾರೆ. ನಮ್ಮೂರ ಹೋಳಿ ನಾಡಿನಲ್ಲೆಲ್ಲ ಹೆಸರಾದದ್ದಕ್ಕೆ ಬಣ್ಣ ಹಲಗೆಗಳಷ್ಟೇ ಕಾರಣವಲ್ಲ, ಈ ಬೀದಿಗಳ ಅಳತೆಯೂ ಕಾರಣ ಎಂದು ನಾನು ಬಲವಾಗಿ ನಂಬಿದ್ದೇನೆ. ಬಂಡಿ ಹಾದರೆ ಎರಡೂ ಕಡೆ ಒಬ್ಬೊಬ್ಬರು ಗೋಡೆಗೆ ಒತ್ತಿ ನಿಲ್ಲುವಷ್ಟೇ ಜಾಗ. ಮಾಳಿಗೆಯಿಂದ ಎರಚಿದ್ದು ಗುರಿ ತಪ್ಪುವುದಿಲ್ಲ. ತುರಾಯಿ ಹಲಗೆಯ ಪೆಟ್ಟು ಎರಡು ಗೋಡೆಗಳ ನಡುವೆ ಸಿಕ್ಕು ಎದೆಗೇ ಬಂದು ಬೀಳುತ್ತದೆ. ನವನಗರದಲ್ಲೂ ವಿದ್ಯಾಗಿರಿಯಲ್ಲೂ ಬಣ್ಣ ಆಡುತ್ತಾರೆ. ಆ ಅಗಲ ರಸ್ತೆಗಳಲ್ಲಿ ಹಲಗೆಯ ಸದ್ದು ಚೆದುರಿ ಹೋಗುತ್ತದೆ.

ಆಲಮಟ್ಟಿ ಹಿನ್ನೀರಿನ ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಹೋದವರು ಇವತ್ತು ಎಲ್ಲೆಲ್ಲಿಂದಲೋ ಬಂದಿದ್ದರು. ಅವ್ವನ ಮನೆಯಿದ್ದ ಓಣಿಯ ಗೆಳತಿ ಸಿಕ್ಕಳು. ಇಬ್ಬರೂ ಈಗ ಒಂದೇ ನವನಗರದಲ್ಲಿದ್ದೇವೆ, ಬೇರೆ ಬೇರೆ ಸೆಕ್ಟರ್‌ನಲ್ಲಿ. ಭೇಟಿಯಾಗುವುದು ಮಾತ್ರ ಇಲ್ಲಿ, ವರ್ಷಕ್ಕೊಮ್ಮೆ. ಅವರ ಮನೆಯ ಕಟ್ಟೆಗೆ ನಮ್ಮ ಬಂಕ ಎದುರಾಗಿತ್ತು. ನಡುವೆ ಏಳೆಂಟು ಹೆಜ್ಜೆ. ಅವ್ವ ಅಲ್ಲಿ ಅಕ್ಕಿ ಆರಿಸುತ್ತಾ ಇಡೀ ಓಣಿಯ ಹುಡುಗರನ್ನು ಕಾಯುತ್ತಿದ್ದಳು. ನಿವೇಶನ ಹಂಚುವಾಗ ಕಳೆದುಕೊಂಡ ಮನೆಯ ಅಳತೆ ನೋಡಿದರು, ಎದುರು ಯಾರಿದ್ದರು ಎಂದು ಕೇಳಲಿಲ್ಲ. ಅದನ್ನು ಬರೆದುಕೊಳ್ಳಲು ಅರ್ಜಿಯಲ್ಲಿ ಒಂದು ಕಾಲಂ ಕೂಡ ಇರಲಿಲ್ಲ.

28 ಏಪ್ರಿಲ್, ಸೋಮವಾರ. ನವನಗರ

ಕೆಂಡದಂಥ ಬಿಸಿಲು. ಹನ್ನೊಂದಕ್ಕೆ ಬ್ಯಾಂಕಿಗೆಂದು ಹೊರಟವಳು ಟಂಟಂಗಾಗಿ ಕಾದೆ. ರಸ್ತೆ ಅಗಲವಾಗಿದೆ, ಡಾಂಬರು ಚೆನ್ನಾಗಿದೆ, ಚರಂಡಿ ಇದೆ, ನೀರಿದೆ. ಹಳೆ ಊರಲ್ಲಿ ಇವೆಲ್ಲಕ್ಕೂ ನಾವು ಒದ್ದಾಡುತ್ತಿದ್ದೆವು, ಅದನ್ನು ಮರೆಯುವುದು ನ್ಯಾಯವಲ್ಲ. ಆದರೆ ಡಾಂಬರಿನ ಝಳಕ್ಕೆ ಮುಖ ಒಡ್ಡಿ ನಿಂತಾಗ, ಒಂದು ಬೇವಿನ ಮರವನ್ನು ಯಾವ ನಕ್ಷೆಯಲ್ಲೂ ಖರ್ಚಿನ ಬಾಬತ್ತಾಗಿ ಬರೆದಿರಲಿಲ್ಲವೇ ಎನಿಸಿತು.

ಈ ಊರಿನ ಯೋಜನೆಗೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರನ್ನು ಕರೆಸಿದ್ದರು ಎಂಬುದು ಇಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿಲ್ಲ. 1964ರಲ್ಲಿ ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಅವರೊಡನೆ ಸೇರಿ ಬೊಂಬಾಯಿಯ ಖಾಡಿಯಾಚೆ ಹೊಸ ನಗರ ಕಟ್ಟಬೇಕೆಂದು ಹೇಳಿದವರು ಅವರು. ಅದೇ ಮುಂದೆ ನವಿ ಮುಂಬೈ ಆಯಿತು. ನಮ್ಮಂಥ ಬಿಸಿನಾಡಿನಲ್ಲಿ ಬಾಳಿನ ಬಹುಭಾಗ ಅಂಗಳ, ಮಾಳಿಗೆ, ಮರದಡಿಯಲ್ಲೇ ನಡೆಯುತ್ತದೆ, ಕಟ್ಟುವವನು ಅದಕ್ಕೆ ಜಾಗ ಬಿಡಬೇಕು ಎಂದು ಜೀವನವಿಡೀ ಹೇಳುತ್ತಾ ಬಂದರು. 2010ರಲ್ಲಿ ಬಂದ ಅವರ ಪ್ರಬಂಧ ಸಂಕಲನದ ಹೆಸರೇ ‘ಎ ಪ್ಲೇಸ್ ಇನ್ ದ ಶೇಡ್’. ಅಂಥವರ ಕೈ ಸೋಕಿದ ಊರಿನಲ್ಲಿ ನಡುಹಗಲು ನಡೆದು ಹೋಗುವವರಿಗೆ ನೆರಳಿಲ್ಲದಿರುವುದು ನನಗೆ ದುಃಖದ ಸಂಗತಿ. ನಕ್ಷೆ ಬರೆಯುವುದು ಕೆಲವು ತಿಂಗಳ ಕೆಲಸ. ಮರ ಬೆಳೆಸುವುದು, ಕಟ್ಟೆ ಕಟ್ಟುವುದು, ಸಂತೆ ಊರುವುದು ಮೂವತ್ತು ವರ್ಷದ ಕೆಲಸ. ಅದನ್ನು ಯಾರ ಜವಾಬ್ದಾರಿಗೂ ಬಿಡದೆ ಹೋದರೆ ಸೆಕ್ಟರ್ ನಂಬರು ಮಾತ್ರ ಉಳಿಯುತ್ತದೆ.

ಅಮೆರಿಕದಲ್ಲಿ ವಿಲಿಯಂ ವೈಟ್ ಎಂಬವರು ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ಜನರನ್ನು ಗಮನಿಸಿ 1980ರಲ್ಲಿ ಪುಸ್ತಕ ಬರೆದರು. ಕೆಲವು ಚೌಕ ಏಕೆ ತುಂಬಿರುತ್ತವೆ, ಕೆಲವು ಏಕೆ ಬಿಕೋ ಎನ್ನುತ್ತವೆ? ಅವರು ಕಂಡ ಮುಖ್ಯ ಕಾರಣ ಬಹಳ ಸರಳ. ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ನಮ್ಮ ಊರುಗಳ ಅಗಸಿಯ ಕಟ್ಟೆ ಕಟ್ಟಿದವರಿಗೆ ಇದು ತಿಳಿದಿತ್ತು.

ಸಂಜೆ ತಳ್ಳುಗಾಡಿಯ ತರಕಾರಿಯವಳು ನಮ್ಮ ಗೇಟಿನ ಮೆಟ್ಟಿಲ ಮೇಲೆ ಕೂತಳು. ಐದು ನಿಮಿಷದಲ್ಲಿ ಪಕ್ಕದ ಮನೆಯವರು, ಎದುರಿನವರು, ಶಾಲೆಯಿಂದ ಬಂದ ಇಬ್ಬರು ಹುಡುಗರು. ಒಂದು ಮೆಟ್ಟಿಲು ಇಷ್ಟು ಮಾಡುತ್ತದೆ.

9 ಜೂನ್, ಸೋಮವಾರ. ಹುನಗುಂದ, ಇಳಕಲ್

ಹುನಗುಂದದಲ್ಲಿ ಬಸ್ ಬದಲಿಸಿದೆ. ನಾಲ್ಕು ಪಥದ ಹೆದ್ದಾರಿ ಊರ ಪಕ್ಕಕ್ಕೆ ಸರಿದ ಮೇಲೆ ಲಾರಿಗಳ ಕಾಟ ತಪ್ಪಿದೆ, ಚಹಾ ಅಂಗಡಿಗಳ ಗಿರಾಕಿಯೂ ತಪ್ಪಿದೆ. ಒಳಗಿನ ಹಳೆಯ ರಸ್ತೆಯನ್ನು ಈಗಲಾದರೂ ನಡೆಯುವವರಿಗೂ ಸಂತೆಗೂ ಬಿಟ್ಟುಕೊಡಬಹುದು.

ಇಳಕಲ್ಲಿನಲ್ಲಿ ಪರಿಚಯದ ನೇಕಾರರ ಮನೆ. ಪಡಸಾಲೆಯಲ್ಲೇ ಕುಣಿ ಮಗ್ಗ. ಕಾಲು ಕುಣಿಯಲ್ಲಿ ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂತು ನೇಯುತ್ತಾರೆ. ಕುಣಿಯ ತಂಪಿಗೆ ನೂಲಿನ ಪಸೆ ಆರುವುದಿಲ್ಲ, ಎಳೆ ಬೇಗ ಹರಿಯುವುದಿಲ್ಲ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಆ ಕೆಂಪು ಸೆರಗು ಹುಟ್ಟುವುದು ಆ ಕೊಂಡಿಯಿಂದಲೇ. ಕೊಂಡಿ ಹಾಕುವಾಕೆ ಮನೆಯ ಸೊಸೆ. ಒಲೆಯ ಮೇಲಿನ ಅನ್ನ ನೋಡಿಕೊಂಡೇ ಕೆಲಸ ಮಾಡುತ್ತಿದ್ದಳು. ಮುಂಜಾನೆ ಹಾಸು ಬಿಚ್ಚಿ ಹಿಡಿಯಲು ಓಣಿಯ ಉದ್ದವೇ ಬೇಕು, ಆಗ ಗಾಡಿಯವರು ಬದಿಗೆ ನಿಂತು ಕಾಯುತ್ತಾರೆ.

"ಮ್ಯಾಲಿನ ಮಜಲಿನ್ಯಾಗ ಮನಿ ಕೊಟ್ರ ಕುಣಿ ಎಲ್ಲಿ ತೋಡೂದ್ರಿ?" ಎಂದು ನೇಕಾರರು ಕೇಳಿದರು. "ಮನಿ ಒಂದ್ ಕಡೆ, ಮಗ್ಗ ಒಂದ್ ಕಡೆ ಆದ್ರ ನಮ್ಮ ಸೊಸಿ ಕೊಂಡಿ ಹಾಕೂದು ನಿಂತ್ ಹೋಗತೈತಿ." ಇದನ್ನು ಹಾಗೇ ಬರೆದಿಟ್ಟುಕೊಂಡೆ. ವಸತಿ ಯೋಜನೆಯ ನಕ್ಷೆಯಲ್ಲಿ ಮಲಗುವ ಕೋಣೆ, ಅಡುಗೆ ಮನೆ, ಸ್ಕೂಟರ್ ನಿಲ್ಲಿಸುವ ಜಾಗ ಇರುತ್ತವೆ. ದುಡಿಯುವ ಜಾಗ ಇರುವುದಿಲ್ಲ. ಇಳಕಲ್ಲಿನ ಮಟ್ಟಿಗೆ ಮನೆಯ ಪಡಸಾಲೆ ಕಾರ್ಖಾನೆ, ಓಣಿ ಅದರ ಅಂಗಳ.

ಈ ಊರಿನ ಕೆಂಪು ಗ್ರಾನೈಟ್ ಹಡಗು ಹತ್ತಿ ಹೋಗುತ್ತದೆ. ಗಣಿಗಳ ಬದಿಗೆ ರಾಶಿ ಬಿದ್ದ ತುಂಡುಗಳಲ್ಲೇ ಜಿಲ್ಲೆಯ ಎಲ್ಲ ಬಸ್ ನಿಲ್ದಾಣಗಳಿಗೂ ಕೂರುವ ಕಲ್ಲು ಹಾಸಬಹುದು.

24 ಆಗಸ್ಟ್, ಭಾನುವಾರ. ಹಳೆ ಬಾಗಲಕೋಟೆ

ಹಿನ್ನೀರು ತುಂಬಿದೆ. ಘಟಪ್ರಭೆ ಹೊಳೆಯಾಗಿ ಕಾಣುವುದಿಲ್ಲ, ಕೆರೆಯಾಗಿ ಹರಡಿದೆ. ಒಂದು ರಸ್ತೆ ನೇರ ನೀರಿಗಿಳಿದು ಹೋಗುತ್ತದೆ. ಅದು ಹೋಗುತ್ತಿದ್ದ ಕಡೆಯ ಅಂಗಡಿಗಳ ಸಾಲು ನನಗೆ ಒಂದೊಂದೂ ನೆನಪಿದೆ.

17 ಸೆಪ್ಟೆಂಬರ್, ಬುಧವಾರ. ನವನಗರ

ಪೇಪರಿನಲ್ಲಿ ನಿನ್ನೆಯ ಸಚಿವ ಸಂಪುಟದ ತೀರ್ಮಾನ. ಆಲಮಟ್ಟಿ ಜಲಾಶಯದ ನೀರಿನ ಮಟ್ಟ 524 ಮೀಟರ್‌ಗೆ ಏರಿದರೆ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು. 2000ದಲ್ಲಿ ಸುಪ್ರೀಂ ಕೋರ್ಟ್ 519.6ಕ್ಕೆ ನಿಲ್ಲಿಸಿತು, 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256ಕ್ಕೆ ಒಪ್ಪಿತು. ನಮ್ಮ ಜಿಲ್ಲೆಯ ಮಕ್ಕಳು ಮಗ್ಗಿಯ ಜೊತೆಗೇ ಈ ಅಂಕಿಗಳನ್ನು ಕಲಿಯುತ್ತಾರೆ. ಆ ನಾಲ್ಕೂವರೆ ಮೀಟರ್ ಚಿಲ್ಲರೆಯ ನೀರು ಬರಗಾಲದ ಹೊಲಗಳಿಗೆ ಬೇಕು. ಅದನ್ನು ಬೇಡ ಅನ್ನುವ ಹಕ್ಕು ನನಗಿಲ್ಲ.

ಪರಿಹಾರದ ಮೊತ್ತ ಹೆಚ್ಚಾದದ್ದು ಒಳ್ಳೆಯದೇ. ಆದರೆ ಇಡೀ ವರದಿಯನ್ನು ಓದಿದರೂ ಎಕರೆಯ ಲೆಕ್ಕವೇ ಕಂಡಿತು. ಹೋಗುವವರು ಯಾರ ಪಕ್ಕ ಇರುತ್ತಾರೆ, ಎಲ್ಲಿ ಕೂರುತ್ತಾರೆ ಎಂಬ ಮಾತು ಎಲ್ಲೂ ಇರಲಿಲ್ಲ. ನಮ್ಮ ಸಲ ಆದ ಹಾಗೆ ಅವರಿಗೂ ಆಗಬಾರದು. ನಿವೃತ್ತ ಭೂಗೋಳ ಶಿಕ್ಷಕಿಯ ಮಾತಿಗೆ ಎಷ್ಟು ತೂಕವಿದೆಯೋ ಇರಲಿ, ನಾಳೆ ಪತ್ರ ಬರೆದು ಕಳಿಸುತ್ತೇನೆ. ಅದರ ಕರಡು ಇಲ್ಲೇ ಇರಲಿ:

ಮಾನ್ಯರೆ, ನಿವೇಶನಗಳನ್ನು ಅಳತೆಯ ಪ್ರಕಾರ ಹಂಚುವ ಮೊದಲು ಪ್ರತಿ ಮನೆಯವರನ್ನೂ ನಿಮ್ಮ ಎಡಕ್ಕೆ, ಬಲಕ್ಕೆ, ಎದುರಿಗೆ ಯಾರಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಒಪ್ಪಿದವರನ್ನು ಓಣಿ ಓಣಿಯಾಗಿಯೇ ಸಾಗಿಸಿ. ಭೂಮಿ ಗುರುತಿಸಿದ ವರ್ಷವೇ ಬೇವು, ಆಲ, ಹುಣಸೆ ನೆಡಿಸಿ, ನೀರು ಹಾಕುವವರ ಸಂಬಳವನ್ನು ಯೋಜನೆಯ ವೆಚ್ಚದಲ್ಲೇ ಸೇರಿಸಿ. ಮಗ್ಗವಿರುವ ಮನೆಗೆ ಕುಣಿ ತೋಡುವ ನೆಲ ಕೊಡಿ. ಪ್ರತಿ ಓಣಿಯ ತುದಿಯಲ್ಲಿ ನೆರಳಿರುವ ಒಂದು ಕಟ್ಟೆಯನ್ನು ಮನೆಗಳಿಗಿಂತ ಮೊದಲು ಕಟ್ಟಿಸಿ. ರಸ್ತೆ ಆಮೇಲೆ ಅಗಲವಾಗಲಿ.